ಗುರುತಿನ ಚಿಹ್ನೆ

ಅರಸೀಕೆರೆ ಸ್ಟೇಷನ್ನಿನ ಎದುರು ನನ್ನ ಅಂಗಡಿ.
ಎರಡು ಕಂಪ್ಯೂಟರು, ಕೆಮ್ಮುವ ಒಂದು ಪ್ರಿಂಟರು,
ಫೋಟೋ ತೆಗೆಯಲಿಕ್ಕೆ ಗೋಡೆಗೆ ಹೊಡೆದ ಬಿಳಿ ಬಟ್ಟೆ.
ಪಹಣಿ, ಪಡಿತರ, ಪಾನ್ ಕಾರ್ಡು...
ಯಾರ ಹೆಸರೂ ನನ್ನ ಬೆರಳಲ್ಲಿ
ಎರಡು ದಿನ ನಿಲ್ಲುವುದಿಲ್ಲ.

ಇವಳು ಬಂದದ್ದು ಕೊನೇ ದಿನಾಂಕದ ಸಂಜೆ.
ಹೆಸರು ಇಂಪನ.
ಅಂಕಪಟ್ಟಿಯ ಇಂಪನಕ್ಕೆ ಕೊನೆಯಲ್ಲಿ ಒಂದು ‘ಎ’,
ಆಧಾರಿನ ಇಂಪನಕ್ಕೆ ಎರಡು.
‘ಇದರಲ್ಲಿ ನೀನು ಯಾವುದಮ್ಮ?’
‘ಹತ್ತನೇ ಕ್ಲಾಸಿಂದು.’

ಬಾಗಿಲಾಚೆ ಅವಳಪ್ಪ ಕೆಂಚೀರಯ್ಯ,
ಕಿತ್ತಳೆ ಅಂಗಿ ಇನ್ನೂ ಬಿಚ್ಚಿಲ್ಲ, ಹೆಗಲಲ್ಲಿ ಉದ್ದ ಹಿಡಿಯ ಸುತ್ತಿಗೆ.
ಬಾಣಾವರದ ದಿಕ್ಕಿಗೆ ದಿನಾ ಹಳಿಯಗುಂಟ ನಡೆದು
ಕಬ್ಬಿಣ ಬಡಿದು ಸದ್ದು ಕೇಳುವವನು.
ಒಳಗೆ ಬನ್ನಿ ಅಂದೆ.
‘ಕಾಲು ಕೊಳೆ ಆಗದೆ’ ಅಂದ.

ಒಂದೊಂದೇ ಕಾಲಂ ತುಂಬುತ್ತ ಹೋದೆವು.
ಭೂಸೇನೆ, ನೌಕಾಪಡೆ, ವಾಯುಪಡೆ: ಮೊದಲ ಆಯ್ಕೆ?
‘ನೌಕಾಪಡೆ.’
ಸಮುದ್ರ ನೋಡಿದೀಯ?
‘ಕಂತೇನಹಳ್ಳಿ ಕೆರೆ ನೋಡಿದೀನಿ, ಕೋಡಿ ಬಿದ್ದಾಗ.’
ಪರೀಕ್ಷಾ ಕೇಂದ್ರ?
‘ಧಾರವಾಡ. ರಾತ್ರಿ ಗಾಡಿ ಸಿಗುತ್ತೆ,
ಅಪ್ಪನ ಪಾಸು ನಡೆಯುತ್ತೆ.’
ಫಾರಮ್ಮಿನಲ್ಲಿ ಇರಲಿಲ್ಲ, ನಾನಾಗಿ ಕೇಳಿದೆ:
ನಿಮ್ಮನೇಲಿ ಮುಂಚೆ ಯಾರಾದರೂ ಮಿಲಿಟ್ರಿಗೆ?
ಅವಳು ಅಪ್ಪನ ಕಡೆ ನೋಡಿದಳು,
ಅಪ್ಪ ಪ್ಲಾಟ್‌ಫಾರ್ಮಿನ ಕಡೆ.
ಯಾವ ಗಾಡಿಯೂ ಬಂದಿರಲಿಲ್ಲ.

ಗುರುತಿನ ಚಿಹ್ನೆ, ಎರಡು ಬೇಕು.
ಎಡ ಮೊಣಕೈ ಕೆಳಗೆ ಮಚ್ಚೆ, ಆಯಿತು. ಇನ್ನೊಂದು?
ಬಲಗೈ ಮುಂದೆ ಚಾಚಿದಳು.
ಅಂಗೈಯಲ್ಲೊಂದು ಕಲೆ,
ಕಾಯಿ ಸುಲಿಯುವ ಹಾರೆ ತಾಗಿದ್ದು.
ಬೇಸಿಗೆ ರಜೆಯಲ್ಲಿ ಕಾಯಿ ಮಂಡಿಗೆ ಕೂಲಿ ಹೋಗಿ
ಸಾವಿರ ಕಾಯಿಗೆ ಇಷ್ಟು ಅಂತ ಎಣಿಸಿಕೊಂಡು
ಗಣಿತದ ಗೈಡು ತಂದಳಂತೆ, ಓಡುವ ಶೂ ತಂದಳಂತೆ.
ಕಾಲಂ ಸಣ್ಣದು, ಅಷ್ಟೆಲ್ಲ ಹಿಡಿಸುವುದಿಲ್ಲ.
‘ಬಲ ಅಂಗೈ, ಕಲೆ’ ಎಂದು ಕುಟ್ಟಿದೆ.

ಆಗ ಸರ್ವರ್ ನಿಂತಿತು.
ಪರದೆಯ ಮೇಲೆ ಬಿಳೀ ಚಕ್ರ
ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು.
ಅವಳು ದನಿ ತಗ್ಗಿಸಿದಳು.
‘ಅಣ್ಣ, ಪಾದ ಚಪ್ಪಟೆ ಇದ್ರೆ ತೆಗೆದುಬಿಡ್ತಾರಂತೆ?’
ಮಾಲೇಕಲ್ಲಿನ ಮೆಟ್ಟಿಲಲ್ಲಿ
ಬೆಳಗಿನ ಜಾವ ಜೊತೆಗೆ ಓಡುವ ಹುಡುಗರು ಹೇಳಿದ್ದರಂತೆ.
ನನಗೇನು ಗೊತ್ತು, ತಾಯಿ,
ನಾನು ಬಲ್ಲದ್ದು ಕಾಗದದ ಮೇಲಿನ ಮೈ.

ಎದ್ದು ಹೊಸಿಲಿಗೆ ಹೋದಳು.
ಅಪ್ಪನ ಬಾಟಲಿ ಇಸಕೊಂಡು ಕಾಲಿಗೆ ನೀರು ಹೊಯ್ದು
ಒಳಬಂದು ನನ್ನ ಕೆಂಪು ನೆಲದ ಮೇಲೆ
ಒಮ್ಮೆ, ಒಂದೇ ಸಲ, ಊರಿ ಎತ್ತಿದಳು.

ಹಿಮ್ಮಡಿ. ಐದು ಬೆರಳ ಚುಕ್ಕಿ.
ಅವೆರಡನ್ನೂ ಹಿಡಿದಿದ್ದ, ಅಂಚಿನ ಸಣ್ಣ ಒದ್ದೆ ಗೆರೆ.
ನಡುವೆ ಒಣ ನೆಲ.

ಬರುವುದಿಲ್ಲ ಎಂದವನು ಬಂದ.
ಚಪ್ಪಲಿ ಹೊರಗೆ ಬಿಟ್ಟು, ಅವಳು ಚೆಲ್ಲಿದ ನೀರು ತುಳಿದು
ಹೆಜ್ಜೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ.
ಆ ಒಣ ಜಾಗದ ಮೇಲೆ ಬೆರಳಿಟ್ಟು ಅಳೆದ.
‘ಸಂದು ಅದೆ’ ಅಂದ.
‘ಇಷ್ಟು ಸಂದು ಇರಬೇಕು.
ಇಲ್ದಿದ್ರೆ ಬಿಸ್ಲಿಗೆ ಹಳಿ ಬಾಗಿಬಿಡ್ತದೆ.’

ಅಷ್ಟರಲ್ಲಿ ಚಕ್ರ ನಿಂತು ರಸೀದಿ ಬಂತು.
ಹುಡುಗಿಯರಿಗೆ ಶುಲ್ಕವಿಲ್ಲ;
ನನ್ನ ಐವತ್ತು ರೂಪಾಯಿ ನಾನು ಬಿಡಲಿಲ್ಲ.
ಅವಳು ಹಾಳೆಯನ್ನು ಮಡಿಸಲಿಲ್ಲ,
ಬಿಸಿ ರೊಟ್ಟಿಯಂತೆ ಎರಡು ಕೈಯಲ್ಲಿ ಹಿಡಿದು
ಗೇಟು ದಾಟಿದಳು. ಅವನು ಹಿಂದೆ, ಸುತ್ತಿಗೆಯೊಡನೆ.

ಆಮೇಲೆ ನೆಲ ನೋಡಿದೆ.
ಅವಳ ಹೆಜ್ಜೆ ಫ್ಯಾನಿನ ಗಾಳಿಗೆ ಆಗಲೇ ಆರಿಹೋಗಿತ್ತು.
ಬಾಗಿಲಿಂದ ಅಲ್ಲಿಯವರೆಗೆ
ಅವನವು ನಾಲ್ಕು, ಹಳಿಯ ಕರೀ ಮಣ್ಣಿನವು,
ಹಿಮ್ಮಡಿಯಿಂದ ಬೆರಳ ತನಕ ಎಲ್ಲೂ ಬಿಡುವಿಲ್ಲದೆ
ಪೂರ್ತಿ ಚಪ್ಪಟೆ.
ರಾತ್ರಿ ಶಟರ್ ಎಳೆಯುವಾಗಲೂ ಇದ್ದವು.